ಒಮ್ಮೆ ಅಂಬಲಿ, ಇನ್ನೊಮ್ಮೆ ಶಹಾಬಾದ್ ಕಲ್ಲು: ವೈನ್ ಸೋರ್ಬೆ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಮ್ಮದು ಕಲಬುರಗಿ ರೀ. ಮಗಳು ಪುಣೆದಾಗ ಕೆಲಸ ಮಾಡ್ತಾಳ. ಅಲ್ಲಿ ಹೋಟೆಲಿನ್ಯಾಗ ಕರಿ ದ್ರಾಕ್ಷಿ, ಕೆಂಪು ವೈನಿನ ಸೋರ್ಬೆಟ್ (ಹಾಲಿಲ್ಲದ ಐಸ್‌ಕ್ರೀಮ್ ಇದ್ದಂಗ) ತಿಂದು ಬಂದು, ಮನ್ಯಾಗ ಮಾಡೋಣ ಅಂದಳು. ಮೊದಲ ಸಲ ಅರ್ಧ ಕೆಜಿ ದ್ರಾಕ್ಷಿ ರುಬ್ಬಿ, ಒಂದು ಪೂರ್ತಿ ಬಾಟಲಿ ವೈನ್, ಎರಡು ವಾಟಗ ಸಕ್ಕರಿ ಹಾಕಿ ಫ್ರೀಜರಿನಾಗ ಇಟ್ಟೆವು. ಎರಡು ದಿನ ಆದರೂ ಅಂಬಲಿ ಹಂಗೇ ಇತ್ತು. ಎರಡನೇ ಸಲ ಯಜಮಾನರಿಗೆ ಶುಗರ್ ಅದ ಅಂತ ಸಕ್ಕರಿ ಅರ್ಧ ವಾಟಗಕ್ಕ ಇಳಿಸಿದೆವು. ವೈನ್ ಕಬ್ಬಿಣದ ಬಾಣಲಿಯಾಗ ಅರ್ಧಕ್ಕಿಂತ ಕಮ್ಮಿ ಆಗೋತನ ಕುದಿಸಿ, ಎರಡು ಲೋಟ ನೀರು ಕೂಡಿಸಿದೆವು. ಅದು ಶಹಾಬಾದ್ ಕಲ್ಲು ಆತು. ಸ್ಟೀಲಿನ ಚಮಚ ಬಾಗಿತು! ಬಣ್ಣನೂ ಕೆಂಪು ಹೋಗಿ ಮಸಿ ಆಗಿತ್ತು. ಕುದಿಸಿದ್ರ, ಇಲ್ಲಾ ಗಡ್ಡಿ ಕಟ್ಟಿದ್ರ ಅಮಲು ಹೋಗ್ತದ, ಹುಡುಗರಿಗೂ ಕೊಡಬಹುದು ಅಂತ ನಮ್ಮ ನೆಗೆಣ್ಣಿ ಹೇಳ್ತಾಳ. ಖರೇನ? ಇದಕ್ಕ ಮಷೀನ್ ಬೇಕೇ ಬೇಕಾ? ಎಲ್ಲಿ ತಪ್ಪಿದೆವು ಹೇಳ್ರಿ.

ಉತ್ತರ: ಅಕ್ಕಾವ್ರೇ, ಚಮಚ ಬಾಗಿದ್ದು ಓದಿ ನಗು ಬಂತು, ಕ್ಷಮಿಸಿ. ಹೈದರಾಬಾದಿನ ಹೋಟೆಲೊಂದರ ಅಡುಗೆಮನೆಗೆ ಹೊಸದಾಗಿ ಸೇರಿದ್ದಾಗ ನಾನೂ ಇಂಥದ್ದೇ ಒಂದು ಡಬ್ಬಿ ಕಲ್ಲು ಮಾಡಿಟ್ಟಿದ್ದೆ. ಅತಿಥಿಗಳು ಊಟ ಮುಗಿಸಿ ಕಾಯುತ್ತಿದ್ದರು, ನಾನು ಒಳಗೆ ಲಟ್ಟಣಿಗೆ ಹಿಡಿದು ಅದನ್ನು ಒಡೆಯುತ್ತಿದ್ದೆ. ಆಮೇಲೆ ಮೂವತ್ತು ವರ್ಷ ಐಸ್‌ಕ್ರೀಮ್, ಕುಲ್ಫಿ, ಸೋರ್ಬೆಗಳ ಜೊತೆಯಲ್ಲೇ ಕಳೆದಿದ್ದೇನೆ. ನಿಮ್ಮ ಎರಡೂ ಡಬ್ಬಿ ಕೆಟ್ಟಿದ್ದು ಒಂದೇ ಕಾರಣಕ್ಕೆ. ಸಕ್ಕರೆಯನ್ನೂ ವೈನನ್ನೂ ನೀವು ರುಚಿಗೆ ಹಾಕುವ ಸಾಮಾನು ಅಂದುಕೊಂಡಿರಿ. ಸೋರ್ಬೆಯಲ್ಲಿ ಅವು ನೀರು ಪೂರ್ತಿ ಗಡ್ಡೆ ಕಟ್ಟದಂತೆ ತಡೆಯುವ ಸಾಮಾನು. ರುಚಿ ಆಮೇಲಿನ ಮಾತು.

ಹೆಸರು ಕೇಳಿ ಅಂಜಬೇಕಾಗಿಲ್ಲ. ಅರಬ್ಬಿ ಮೂಲದ ಶರಬತ್ತೇ ತುರ್ಕಿ ದಾಟಿ ಇಟಲಿಯಲ್ಲಿ ಸೋರ್ಬೆತ್ತೊ ಆಯಿತು, ಫ್ರಾನ್ಸಿನಲ್ಲಿ ಸೋರ್ಬೆ ಆಯಿತು. ಬಹಮನಿಗಳ ಊರಿನವರಿಗೆ ಶರಬತ್ತು ಹೊಸದೇನಲ್ಲ. ಅದನ್ನು ಚಮಚಕ್ಕೆ ಬಗ್ಗುವ ಹಾಗೆ ಹೆಪ್ಪುಗಟ್ಟಿಸುವುದಷ್ಟೇ ಹೊಸದು. ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಇರುತ್ತದೆ, ಕಡೆಯುವಾಗ ಗಾಳಿಯೂ ಸೇರುತ್ತದೆ. ಎರಡೂ ಅದನ್ನು ಮೆತ್ತಗೆ ಇಡುತ್ತವೆ. ಸೋರ್ಬೆಯಲ್ಲಿ ಕೊಬ್ಬು ಇಲ್ಲ. ಹಾಗಾಗಿ ಮೆತ್ತಗಿಡುವ ಭಾರವೆಲ್ಲ ಸಕ್ಕರೆಯ ಮೇಲೆ ಬೀಳುತ್ತದೆ, ವೈನ್ ಹಾಕಿದರೆ ಅದರ ಮೇಲೂ.

ಮಟಕಾ ಕುಲ್ಫಿಯವನ ಗಾಡಿ ನೆನೆಸಿಕೊಳ್ಳಿ. ಮಡಕೆಯೊಳಗೆ ಐಸ್ ಚೂರಿನ ಮೇಲೆ ಹಿಡಿ ಹಿಡಿ ದಪ್ಪ ಉಪ್ಪು ಎರಚುತ್ತಾನಲ್ಲ, ಯಾಕೆ? ನೀರಿನಲ್ಲಿ ಏನಾದರೂ ಕರಗಿದ್ದರೆ ಅದು ಸೊನ್ನೆ ಡಿಗ್ರಿಗೆ ಗಡ್ಡೆ ಕಟ್ಟುವುದಿಲ್ಲ, ಇನ್ನೂ ಕೆಳಗೆ ಹೋಗಬೇಕು. ಉಪ್ಪು ಮಾಡುವ ಈ ಕೆಲಸವನ್ನೇ ಸಕ್ಕರೆಯೂ ಮಾಡುತ್ತದೆ, ಮದ್ಯಸಾರವೂ ಮಾಡುತ್ತದೆ. ಶುದ್ಧ ಮದ್ಯಸಾರ ಗಡ್ಡೆ ಕಟ್ಟಬೇಕಾದರೆ ಮೈನಸ್ 114 ಡಿಗ್ರಿ ಬೇಕು. ಶೇ. 12-13 ಮದ್ಯಸಾರದ ವೈನ್ ಮೈನಸ್ 5ರ ಆಸುಪಾಸು ಗಡ್ಡೆ ಕಟ್ಟಲು ಶುರುಮಾಡುತ್ತದೆ. ಶುರು ಅಂದೆ, ಮುಗಿಯುತ್ತದೆ ಅನ್ನಲಿಲ್ಲ. ಮೊದಲು ಬರೀ ನೀರು ಹರಳಾಗಿ ಬೇರೆಯಾಗುತ್ತದೆ. ಆಗ ಉಳಿದ ದ್ರವದಲ್ಲಿ ಸಕ್ಕರೆ, ಮದ್ಯಸಾರ ಇನ್ನಷ್ಟು ಗಾಢವಾಗುತ್ತವೆ, ಅದು ಹೆಪ್ಪುಗಟ್ಟಲು ಇನ್ನೂ ಹೆಚ್ಚು ಚಳಿ ಬೇಕಾಗುತ್ತದೆ. ಹೀಗೆ ಕೊನೆಯವರೆಗೂ ಒಂದಿಷ್ಟು ಪಾಕ ಹರಳುಗಳ ನಡುವೆ ದ್ರವವಾಗಿಯೇ ಉಳಿಯುತ್ತದೆ. ಒಳ್ಳೆ ಸೋರ್ಬೆ ಅಂದರೆ ಇಷ್ಟೇ: ಸಣ್ಣ ಸಣ್ಣ ಮಂಜಿನ ಹರಳು, ಅವುಗಳ ನಡುವೆ ದಪ್ಪ ಪಾಕ. ಪಾಕ ಜಾಸ್ತಿಯಾದರೆ ಅಂಬಲಿ, ಹರಳು ಜಾಸ್ತಿಯಾದರೆ ಕಲ್ಲು.

ಈಗ ನಿಮ್ಮ ಡಬ್ಬಿಗಳ ಲೆಕ್ಕ. ಒಂದು ವಾಟಗಕ್ಕೆ 200 ಗ್ರಾಂ ಸಕ್ಕರೆ ಹಿಡಿಯುತ್ತೇನೆ. ದ್ರಾಕ್ಷಿಯಲ್ಲೇ ಹತ್ತಿರ ಹತ್ತಿರ ಶೇ. 18 ಸಕ್ಕರೆ ಇರುತ್ತದೆ, ಅರ್ಧ ಕೆಜಿಗೆ 90 ಗ್ರಾಂ ಆಯಿತು. 750 ಮಿ.ಲೀ. ಬಾಟಲಿಯಲ್ಲಿ ಮದ್ಯಸಾರ 90 ಮಿ.ಲೀ.ಗಿಂತ ತುಸು ಮೇಲೆ. ಮೊದಲ ಡಬ್ಬಿಯಲ್ಲಿ ಸಕ್ಕರೆ ಶೇ. 30, ಅದರ ಮೇಲೆ ಮದ್ಯಸಾರ ಶೇ. 6 ದಾಟಿತು. ಸಕ್ಕರೆ ಒಂದೇ ಇದ್ದಿದ್ದರೆ ಸರಿಯಾದ ಸೋರ್ಬೆ ಆಗುತ್ತಿತ್ತು. ಎರಡೂ ಸೇರಿ ಅಂಬಲಿ ಮಾಡಿದವು. ಎರಡನೇ ಡಬ್ಬಿಯಲ್ಲಿ ಕುದಿಸಿದ್ದಕ್ಕೆ ಮದ್ಯಸಾರ ಬಹುಪಾಲು ಹೋಯಿತು, ಎರಡು ಲೋಟ ನೀರು ಕೂಡಿತು, ಸಕ್ಕರೆ ಶೇ. 15ಕ್ಕೆ ಇಳಿಯಿತು. ತಡೆಯುವವರು ಯಾರೂ ಇಲ್ಲದ ಮೇಲೆ ನೀರು ಕಲ್ಲಾಗದೆ ಏನಾದೀತು?

ಇದರ ಜೊತೆ ನಮ್ಮ ಊರಿನ ಬೇಸಿಗೆಯೂ ಸೇರುತ್ತದೆ. ಪುಸ್ತಕಗಳಲ್ಲಿ ಬರೆಯುವ ಫ್ರೀಜರ್ ಮೈನಸ್ 18ರದ್ದು. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಐಸ್ ಖಾನೆ ಅಷ್ಟು ಕೆಳಗೆ ಹೋಗುವುದು ಅಪರೂಪ, ಮೈನಸ್ 10ರ ಹತ್ತಿರವೇ ನಿಂತುಬಿಡುತ್ತದೆ. ಹೊರಗೆ 42-43 ಡಿಗ್ರಿ ಇರುವಾಗ, ಮಕ್ಕಳು ಗಂಟೆಗೆ ನಾಲ್ಕು ಸಲ ಐಸ್ ತೆಗೆಯುವಾಗ, ಅದೂ ನಿಲ್ಲುವುದಿಲ್ಲ. ಕರೆಂಟ್ ಹೋಗಿ ಬಂದರೆ ಇನ್ನೊಂದು ಕೇಡು: ಸಣ್ಣ ಹರಳು ಕರಗಿ, ಮತ್ತೆ ಹೆಪ್ಪುಗಟ್ಟುವಾಗ ದೊಡ್ಡ ಹರಳಿಗೆ ಅಂಟಿಕೊಂಡು ಬೆಳೆಯುತ್ತದೆ. ನಾಲಿಗೆಗೆ ಮರಳಿನ ಹಾಗೆ ಕರಕರ ಅನ್ನುವುದು ಅದೇ. ಡಬ್ಬಿಯನ್ನು ಬಾಗಿಲ ಹತ್ತಿರ ಇಡಬೇಡಿ, ಒಳಗೋಡೆಗೆ ತಾಗಿಸಿ ಇಡಿ. ಬೇಸಿಗೆಯಲ್ಲಿ ಮಾಡಿದ್ದನ್ನು ಎರಡು-ಮೂರು ದಿನದಲ್ಲಿ ಮುಗಿಸಿ.

ಬಣ್ಣ ಮಸಿಯಾಗಿದ್ದಕ್ಕೆ ವೈನ್ ಕಾರಣವಲ್ಲ, ಬಾಣಲಿ. ಕೆಂಪು ವೈನಿನಲ್ಲಿ, ದ್ರಾಕ್ಷಿ ಸಿಪ್ಪೆಯಲ್ಲಿ ಒಗರು ಇದೆಯಲ್ಲ, ಅದು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದಿನ ಕಾಲದಲ್ಲಿ ಬರೆಯುವ ಮಸಿಯನ್ನೇ ಒಗರಿನ ಕಾಯಿ ಮತ್ತು ಕಬ್ಬಿಣದ ಲವಣ ಸೇರಿಸಿ ಮಾಡುತ್ತಿದ್ದರು. ನೀವು ಒಂದು ಬಾಟಲಿ ವೈನಿನಿಂದ ಮಸಿ ಮಾಡಿದಿರಿ, ಅಷ್ಟೆ. ತಿಂದರೆ ಅಪಾಯವಿಲ್ಲ, ಬಾಯಿಗೆ ಕಬ್ಬಿಣ ಕಬ್ಬಿಣ ಅನಿಸುತ್ತದೆ. ಸ್ಟೀಲಿನ ಪಾತ್ರೆ ಬಳಸಿ, ಅಲ್ಯೂಮಿನಿಯಮ್ಮೂ ಬೇಡ. ಬಡಿಸುವಾಗಲೂ ಒಂದು ಮಾತು ನೆನಪಿರಲಿ. ಬೀದರಿನ ನೆಂಟರು ಕೊಟ್ಟ ಬಿದ್ರಿ ಬಟ್ಟಲಿನಲ್ಲಿ ಹಾಕಿಕೊಟ್ಟರೆ ನೋಡಲು ಬಲು ಚೆಂದ, ಕಪ್ಪಿನ ಮೇಲೆ ಬೆಳ್ಳಿ, ಅದರಲ್ಲಿ ಕೆಂಪು ಸೋರ್ಬೆ. ಆದರೆ ಬಿದ್ರಿಯ ಲೋಹದಲ್ಲಿ ಬಹುಪಾಲು ಸತು. ಹುಳಿ ಬಿದ್ದರೆ ಸತು ಕರಗಿ ಹೊಟ್ಟೆ ತೊಳಸುತ್ತದೆ, ಬಟ್ಟಲೂ ಹಾಳು. ಗಾಜೋ ಪಿಂಗಾಣಿಯೋ ಸಾಕು.

ನಿಮ್ಮ ನೆಗೆಣ್ಣಿಯವರ ಮಾತಿಗೆ ಬರೋಣ. ಗಡ್ಡೆ ಕಟ್ಟಿದರೆ ಅಮಲು ಹೋಗುತ್ತದೆ ಅನ್ನುವುದು ಪೂರ್ತಿ ಸುಳ್ಳು. ಚಳಿಗೆ ಮದ್ಯಸಾರ ಎಲ್ಲಿಗೂ ಓಡುವುದಿಲ್ಲ. ತಣ್ಣಗಿದ್ದಾಗ ವಾಸನೆ ಮೂಗಿಗೆ ಬರುವುದಿಲ್ಲ, ಹಾಗಾಗಿ ಇಲ್ಲವೇನೋ ಅನಿಸುತ್ತದೆ. ನಿಮ್ಮ ಮೊದಲ ಅಂಬಲಿಯನ್ನು 200 ಗ್ರಾಂ ತಿಂದವರು ಸುಮಾರು 90 ಮಿ.ಲೀ. ವೈನ್ ಕುಡಿದ ಲೆಕ್ಕ. ಸಿಹಿ ಅಂತ ಎರಡನೇ ಸಲ ಹಾಕಿಸಿಕೊಂಡರೆ?

ಕುದಿಸಿದರೆ ಹೋಗುತ್ತದೆ ಅನ್ನುವುದರಲ್ಲಿ ಅರ್ಧ ಸತ್ಯವಿದೆ. ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ ನಿಜ. ಆದರೆ ನೀರಿನಲ್ಲಿ ಬೆರೆತದ್ದು ಒಮ್ಮೆಲೇ ಎದ್ದು ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಒಂದು ಪಟ್ಟಿಯನ್ನು ನಾವು ಅಡುಗೆಯವರು ಬಳಸುತ್ತೇವೆ. ಅದರ ಪ್ರಕಾರ ಅಡುಗೆಯಲ್ಲಿ ಬೆರೆಸಿ ಹದಿನೈದು ನಿಮಿಷ ಬೇಯಿಸಿದ ಮೇಲೂ ಶೇ. 40 ಮದ್ಯಸಾರ ಉಳಿಯುತ್ತದೆ, ಒಂದು ಗಂಟೆಗೆ ಶೇ. 25, ಎರಡೂವರೆ ಗಂಟೆಗೆ ಶೇ. 5. ಅಗಲ ಪಾತ್ರೆಯಲ್ಲಿ ಬರೀ ವೈನನ್ನೇ ಅರ್ಧಕ್ಕೆ ಇಳಿಸಿದರೆ ಇದಕ್ಕಿಂತ ಹೆಚ್ಚೇ ಹೋಗುತ್ತದೆ, ಆದರೂ ಸೊನ್ನೆ ಆಗುವುದಿಲ್ಲ. ಮಕ್ಕಳಿಗೆ ಬೇಡ, ಬಸುರಿಯರಿಗೆ ಬೇಡ. ಕುಡಿಯದವರು, ಕುಡಿತ ಬಿಟ್ಟವರು, ಧರ್ಮದ ಕಾರಣಕ್ಕೆ ಮುಟ್ಟದವರು ನಮ್ಮ ಊರಿನ ಪ್ರತಿ ಪಂಕ್ತಿಯಲ್ಲೂ ಇರುತ್ತಾರೆ. ಅವರಿಗೆ ಹೇಳದೆ ಬಡಿಸುವುದು ಸರಿಯಲ್ಲ. ಡಬ್ಬಿಯ ಮೇಲೆ ಚೀಟಿ ಅಂಟಿಸಿ. ಇಲ್ಲವಾದರೆ ಮಧ್ಯಾಹ್ನ ಶಾಲೆಯಿಂದ ಬಂದ ಹುಡುಗ ಐಸ್‌ಕ್ರೀಮ್ ಅಂತ ತೆಗೆದು ತಿಂದಿರುತ್ತಾನೆ.

ಯಜಮಾನರ ವಿಷಯ. ಸೋರ್ಬೆ ಶುಗರ್ ಇದ್ದವರ ತಿಂಡಿಯಲ್ಲ. ಸಕ್ಕರೆ ಬಿಟ್ಟು ಸಿಹಿಯ ಗುಳಿಗೆ ಹಾಕಿದರೆ ನಾಲಿಗೆಗೆ ಸಿಹಿಯಾಗುತ್ತದೆ, ಸೋರ್ಬೆ ಮಾತ್ರ ಕಲ್ಲೇ ಆಗುತ್ತದೆ. ಚಿಟಿಕೆಯಷ್ಟು ಗುಳಿಗೆ ಅಷ್ಟು ನೀರನ್ನು ತಡೆಯಲಾರದು. ವೈನಿನದು ಬೇರೆ ಚಿಂತೆ: ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಮದ್ಯಸಾರ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಬಹುದು. ಅವರ ವೈದ್ಯರನ್ನು ಕೇಳಿ, ನನ್ನನ್ನಲ್ಲ. ಅಡುಗೆಯವನಾಗಿ ನಾನು ಹೇಳಬಲ್ಲ ದಾರಿ ಒಂದಿದೆ. ಕಡಿಮೆ ಸಕ್ಕರೆಯ ಮಿಶ್ರಣವನ್ನು ಸೋರ್ಬೆ ಮಾಡಲು ಹೋಗಬೇಡಿ, ಕೆರೆದು ತಿನ್ನಿ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹಾಕಿ, ಅರ್ಧ ತಾಸಿಗೊಮ್ಮೆ ಫೋರ್ಕಿನಿಂದ ಕೆರೆದು ಪುಡಿ ಮಾಡುತ್ತಾ ಬನ್ನಿ. ಜಾತ್ರೆಯ ಗೋಲಾ ಹಾಗೆ ಹರಳು ಹರಳಾಗಿ ಬರುತ್ತದೆ. ಇಟಲಿಯವರು ಗ್ರಾನೀಟಾ ಅನ್ನುವುದು ಇದಕ್ಕೇ. ನಿಮ್ಮ ಎರಡನೇ ಡಬ್ಬಿಯ ಅಳತೆ ಇದಕ್ಕೆ ಹೇಳಿ ಮಾಡಿಸಿದ್ದು. ದ್ರಾಕ್ಷಿಯ ಸ್ವಂತ ಸಕ್ಕರೆ ಆಗಲೂ ಇದ್ದೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಮಷೀನ್ ಬೇಡ. ತಕ್ಕಡಿ ಬೇಕು. ಉಂಡೆಯ ಪಾಕವನ್ನು ಬೆರಳಿನ ಎಳೆಯಲ್ಲಿ ಹಿಡಿಯುವ ಕೈ ನಿಮ್ಮದು, ಆದರೆ ಆ ಅಂದಾಜು ಬಿಸಿಯಲ್ಲಿ ನಡೆಯುತ್ತದೆ, ಚಳಿಯಲ್ಲಿ ಕೈಕೊಡುತ್ತದೆ. ವಾಟಗ, ಲೋಟ ಬಿಟ್ಟು ಗ್ರಾಂ ಹಿಡಿಯಿರಿ. ಸುಮಾರು ಒಂದು ಕೆಜಿಗೆ ನಾನು ಹಾಕುವುದು ಹೀಗೆ: ಸೋಸಿದ ದ್ರಾಕ್ಷಿ ರಸ-ತಿರುಳು 550 ಗ್ರಾಂ, ಸಕ್ಕರೆ 150 ಗ್ರಾಂ, ನೀರು 100 ಮಿ.ಲೀ., ವೈನ್ 150 ಮಿ.ಲೀ., ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು. ಇದರಲ್ಲಿ ಸಕ್ಕರೆ ಒಟ್ಟು ಶೇ. 26ರ ಹತ್ತಿರ, ಮದ್ಯಸಾರ ಶೇ. 2. ಇನ್ನೂ ವೈನ್ ಬೇಕು ಅನಿಸಿದರೆ 200 ಮಿ.ಲೀ.ವರೆಗೆ ಹೋಗಿ, ಅದಕ್ಕಿಂತ ಮೇಲೆ ಮನೆಯ ಫ್ರೀಜರ್ ಕೈಚೆಲ್ಲುತ್ತದೆ.

ದ್ರಾಕ್ಷಿಯನ್ನು ಉಪ್ಪುನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಹರಿಯುವ ನೀರಿನಲ್ಲಿ ತೊಳೆಯಿರಿ. ಬೀಜ ಇರುವ ದ್ರಾಕ್ಷಿಯಾದರೆ ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಕಹಿ ಬಿಡುತ್ತದೆ. ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಐದಾರು ನಿಮಿಷ ಬಿಸಿ ಮಾಡಿ, ಸಿಪ್ಪೆ ಒಡೆದು ಬಣ್ಣ ಬಿಟ್ಟ ಮೇಲೆ ಕಿವುಚಿ ಜರಡಿಯಲ್ಲಿ ಒತ್ತಿ ಸೋಸಿ. ಸಕ್ಕರೆ, ನೀರು, ಉಪ್ಪನ್ನು ಬಿಸಿಯಿರುವಾಗಲೇ ಕರಗಿಸಿ, ಪೂರ್ತಿ ಆರಿದ ಮೇಲೆ ವೈನ್, ನಿಂಬೆ. ನಿಂಬೆ ಬಿದ್ದ ಕೂಡಲೇ ನೇರಳೆ ಬಣ್ಣ ಕಣ್ಣೆದುರೇ ಮಾಣಿಕ್ಯದ ಕೆಂಪಿಗೆ ತಿರುಗುತ್ತದೆ. ಮೂವತ್ತು ವರ್ಷವಾದರೂ ನನಗೆ ಅದನ್ನು ನೋಡುವ ಆಸೆ ಹೋಗಿಲ್ಲ. ಈ ಹೊತ್ತಿಗೆ ರುಚಿ ನೋಡಿದರೆ 'ಸಕ್ಕರಿ ತುಸು ಹೆಚ್ಚಾತಲ್ಲ' ಅನಿಸಬೇಕು. ಚಳಿಗೆ ನಾಲಿಗೆ ಮಂದವಾಗಿ ಸಿಹಿ ಕಡಿಮೆ ತಿಳಿಯುತ್ತದೆ.

ಸಕ್ಕರೆ ಸರಿಯಿದೆಯೋ ಇಲ್ಲವೋ ನೋಡಲು ಹಳೆಯ ಬಾಣಸಿಗರ ಒಂದು ಉಪಾಯವಿದೆ: ತೊಳೆದ ತಾಜಾ ಹಸಿ ಮೊಟ್ಟೆಯನ್ನು ಒಡೆಯದೆ ಮಿಶ್ರಣದಲ್ಲಿ ತೇಲಿಬಿಡುವುದು. ಒಂದು-ಎರಡು ರೂಪಾಯಿ ನಾಣ್ಯದಷ್ಟು ಅಗಲ ಮೇಲೆ ಕಂಡರೆ ಸರಿ. ಮುಳುಗಿದರೆ ಸಕ್ಕರೆ ಸಾಲದು. ಇದನ್ನು ವೈನ್ ಹಾಕುವ ಮುಂಚೆಯೇ ಮಾಡಬೇಕು, ಮದ್ಯಸಾರ ನೀರಿಗಿಂತ ಹಗುರ, ಲೆಕ್ಕ ತಪ್ಪಿಸುತ್ತದೆ. ಮೊಟ್ಟೆ ಒಳಗೆ ಬಿಡದ ಮನೆಯಾದರೆ ದ್ರಾಕ್ಷಿ ಬೆಳೆಯುವ ಪರಿಚಯದವರ ಜೇಬಿನಲ್ಲಿರುವ ಸಕ್ಕರೆ ಅಳೆಯುವ ದುರ್ಬೀನು (ರಿಫ್ರಾಕ್ಟೋಮೀಟರ್) ತನ್ನಿ, ಒಂದು ಹನಿ ಸಾಕು. ಅದೂ ಇಲ್ಲವೆಂದರೆ ಎರಡು ಚಮಚ ಮಿಶ್ರಣವನ್ನು ಸಣ್ಣ ಬಟ್ಟಲಿನಲ್ಲಿ ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ನೋಡಿ, ಆಮೇಲೆ ದೊಡ್ಡ ಡಬ್ಬಿಗೆ ಕೈ ಹಾಕಿ.

ಹೆಪ್ಪುಗಟ್ಟಿಸುವುದಕ್ಕೆ ನಮ್ಮ ಮಿಕ್ಸಿಯೇ ಸಾಕು. ಮಿಶ್ರಣವನ್ನು ಮೊದಲು ಫ್ರಿಜ್ಜಿನಲ್ಲಿ ನಾಲ್ಕು ತಾಸು ತಣಿಸಿ, ಆಮೇಲೆ ಐಸ್ ಟ್ರೇಗೆ ಸುರಿಯಿರಿ. ಮರುದಿನ ಆ ತುಂಡುಗಳನ್ನು ಎರಡು ಕಂತಿನಲ್ಲಿ ತಣ್ಣಗಿನ ಜಾರಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಪುಡಿಯಾಗುತ್ತದೆ, ನೋಡನೋಡುತ್ತಾ ಬೆಣ್ಣೆಯ ಹಾಗೆ ಒಂದುಗೂಡುತ್ತದೆ, ಬಣ್ಣ ತುಸು ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಇನ್ನೊಂದು ಸುತ್ತು ತಿರುಗಿಸಿದರೆ ಕರಗುತ್ತದೆ. ತಣ್ಣಗಿನ ಡಬ್ಬಿಗೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ತಾಗಿಸಿ ಮುಚ್ಚಿ ಮೂರು ತಾಸು ಬಿಡಿ. ಕರೆಂಟ್ ಕಾಟ ಇರುವ ದಿನ ಕುಲ್ಫಿಯವನ ದಾರಿ ಹಿಡಿಯಬಹುದು. ಮೂರು ಪಾಲು ಐಸ್ ಚೂರು, ಒಂದು ಪಾಲು ದಪ್ಪ ಉಪ್ಪು, ನಡುವೆ ಸ್ಟೀಲ್ ಡಬ್ಬಿ, ಅರ್ಧ ತಾಸು ತಿರುಗಿಸುತ್ತಾ ಗೋಡೆಗೆ ಹತ್ತಿದ್ದನ್ನು ಕೆರೆಯುತ್ತಾ ಇರುವುದು. ತೋಳು ನೋಯುತ್ತದೆ, ಆದರೆ ಹರಳು ಇನ್ನೂ ಸಣ್ಣಗೆ ಬರುತ್ತದೆ.

ಯಾವ ವೈನ್? ದುಬಾರಿಯದು ದಂಡ. ಚಳಿಗೆ ಪರಿಮಳವೆಲ್ಲ ಮಲಗುತ್ತದೆ, ಒಗರು ಮಾತ್ರ ಎದ್ದು ಕೂರುತ್ತದೆ. ಹಾಗಾಗಿ ಒಗರು ಕಡಿಮೆ ಇರುವ, ಮರದ ಪೀಪಾಯಿಯ ವಾಸನೆ ಇಲ್ಲದ ಎಳೆಯ ಕೆಂಪು ವೈನ್ ಸಾಕು. ಅಂಗಡಿಯಲ್ಲಿ ಪೋರ್ಟ್ ಅಂತ ಸಿಗುವುದು ಸಿಹಿ ವೈನ್, ಅದನ್ನು ಬಳಸಿದರೆ ಸಕ್ಕರೆ 20 ಗ್ರಾಂ ಇಳಿಸಿ. ಬೀದರ ಕಡೆ ಕ್ರಿಸ್ಮಸ್ಸಿಗೆ ಮನೆಯಲ್ಲೇ ದ್ರಾಕ್ಷಿ ವೈನ್ ಹಾಕುವವರು ಅದನ್ನೇ ಬಳಸಬಹುದಾ ಅಂತ ಕೇಳುವುದುಂಟು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಮದ್ಯ ತಯಾರಿಸಲು ಪರವಾನಗಿ ಬೇಕು, ಅದು ಒಂದು. ಅದರಲ್ಲಿ ಮದ್ಯಸಾರ ಎಷ್ಟು, ಸಕ್ಕರೆ ಎಷ್ಟು ಉಳಿದಿದೆ ಅಂತ ಮಾಡಿದವರಿಗೂ ತಿಳಿದಿರುವುದಿಲ್ಲ, ಲೆಕ್ಕ ಹಿಡಿಯುವುದು ಹೇಗೆ?

ಕುದಿಸಿ ಇಳಿಸುವ ದಾರಿಯೂ ಕೆಟ್ಟದಲ್ಲ. 300 ಮಿ.ಲೀ. ವೈನನ್ನು ಸ್ಟೀಲ್ ಪಾತ್ರೆಯಲ್ಲಿ 150ಕ್ಕೆ ಇಳಿಸಿದರೆ ರುಚಿ ಗಾಢ, ಮದ್ಯಸಾರ ಕಡಿಮೆ. ಮೆತ್ತಗಿಡುವ ಶಕ್ತಿ ಹೋಗಿರುವುದರಿಂದ ಸಕ್ಕರೆ 30 ಗ್ರಾಂ ಹೆಚ್ಚಿಸಿ, ಇಲ್ಲವೇ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 50 ಗ್ರಾಂ ಹಾಕಿ, ಅದು ಸಕ್ಕರೆಗಿಂತ ಸಿಹಿ ಕಡಿಮೆ. ಒಗರು ಎದ್ದು ಬರುವುದು ಈ ದಾರಿಯ ಕಷ್ಟ. ಗ್ಯಾಸಿನ ಉರಿ ಪಾತ್ರೆಯ ಅಂಚು ದಾಟದಿರಲಿ, ಆವಿಗೆ ಬೆಂಕಿ ಹತ್ತೀತು, ಬಾಗಿ ನೋಡಬೇಡಿ. ಮಕ್ಕಳಿಗೆ ಬೇರೆಯದೇ ಡಬ್ಬಿ ಮಾಡಿ: ವೈನಿನ ಜಾಗಕ್ಕೆ ಅಷ್ಟೇ ದ್ರಾಕ್ಷಿ ರಸ, 50 ಗ್ರಾಂ ಗ್ಲೂಕೋಸ್. ದೊಡ್ಡವರಲ್ಲಿ ಕುಡಿಯದವರಿಗೂ ಅದೇ, ಒಂದೆರಡು ಚಮಚ ಹಾಲಿಲ್ಲದ ಚಹಾ ಡಿಕಾಕ್ಷನ್ ಬಿದ್ದರೆ ವೈನಿನಂಥದ್ದೇ ಒಗರು ಬರುತ್ತದೆ.

ಬೇರೆ ಹಣ್ಣುಗಳ ಬಗ್ಗೆ ಎರಡು ಮಾತು. ಭೀಮಾ, ಕೃಷ್ಣಾ ದಂಡೆಯ ಕಲ್ಲಂಗಡಿಯಲ್ಲಿ ಸಕ್ಕರೆ ಶೇ. 8ರ ಹತ್ತಿರ ಮಾತ್ರ, ಅದಕ್ಕೆ ಹಾಕುವ ಸಕ್ಕರೆ 200 ಗ್ರಾಂ ದಾಟುತ್ತದೆ, ಜೊತೆಗೆ ಬಿಳಿ ವೈನ್ ಹೊಂದುತ್ತದೆ. ನೇರಳೆಹಣ್ಣಿಗೆ ಕೆಂಪು ವೈನ್ ಹಾಕಬೇಡಿ, ಒಗರಿಗೆ ಒಗರು ಸೇರಿ ನಾಲಿಗೆ ಮರಗಟ್ಟುತ್ತದೆ. ಸೀತಾಫಲವನ್ನು ಬಿಸಿ ಮಾಡಿದರೆ ಕಹಿಯಾಗುತ್ತದೆ, ವೈನ್ ಅದರ ಪರಿಮಳವನ್ನು ನುಂಗುತ್ತದೆ. ಅದಕ್ಕೆ ಹಾಲೇ ಸರಿ.

ಕೊನೆಗೆ, ನಿಮ್ಮ ಎರಡೂ ಡಬ್ಬಿ ಇನ್ನೂ ಫ್ರೀಜರಿನಲ್ಲಿ ಬಿದ್ದಿದ್ದರೆ ಚೆಲ್ಲಬೇಡಿ. ಒಟ್ಟಿಗೆ ಕರಗಿಸಿ ಬೆರೆಸಿದರೆ ಸಕ್ಕರೆ ಶೇ. 23, ಮದ್ಯಸಾರ ಶೇ. 3.5ರ ಸುಮಾರಿಗೆ ಬಂದು ನಿಲ್ಲುತ್ತದೆ. ಎರಡು ನಿಂಬೆಹಣ್ಣು ಹಿಂಡಿ, ಮತ್ತೆ ಟ್ರೇಗೆ ಸುರಿದು ಮಿಕ್ಸಿಗೆ ಹಾಕಿ. ತುಸು ಮೆತ್ತಗಿರುತ್ತದೆ, ಬಾಣಲಿಯ ವಾಸನೆ ಒಂಚೂರು ಇದ್ದೀತು. ಮೂರು ಕೆಜಿ ಹತ್ತಿರ ಆಗುತ್ತದೆ, ದೊಡ್ಡವರನ್ನು ನಾಲ್ಕು ಮಂದಿ ಹೆಚ್ಚೇ ಕರೆಯಿರಿ.